ಖಾಲಿ ಡಬ್ಬಿ

ಚಿಯಾತುರಾದ ಗ್ರಂಥಾಲಯದಲ್ಲಿ, ಮಂಗಳವಾರ ಸಂಜೆ,
ಹೀಟರಿನ ಪಕ್ಕದ ಕಂಪ್ಯೂಟರು ಯಾವತ್ತೂ ತ್ಸಿಯುರಿಯದು.
ಮೂವತ್ತೊಂದು ವರ್ಷ ಕಣಿವೆಯ ಮೇಲೆ ಹಗ್ಗದ ಡಬ್ಬಿ ನಡೆಸಿದವಳು,
ಗಣಿಯ ಪಾಳಿಗೆ ಜನರನ್ನು ಹತ್ತಿಸಿ ಇಳಿಸಿದವಳು,
ಈಗ ಆ ಡಬ್ಬಿಗಳಿಗೊಂದು ಪುಟ ಕಟ್ಟುತ್ತಿದ್ದಾಳೆ.
ಐದು ಚಿತ್ರ. ಒಂದೂ ಕಾಣುತ್ತಿಲ್ಲ.
ಐದು ಬಿಳಿ ಚೌಕ, ಮೂಲೆಯಲ್ಲಿ ಹರಿದ ಕಾಗದದಂಥ ಗುರುತು.

"ಮನೆಯಲ್ಲಿ ಕಂಡಿತ್ತು ಬದ್ರಿ, ಆಣೆ ಮಾಡಿ ಹೇಳುತ್ತೇನೆ."
ಎಲ್ಲರೂ ಹಾಗೇ ಹೇಳುತ್ತಾರೆ.
ಸುಳ್ಳಲ್ಲ. ಪೂರ್ತಿ ನಿಜವೂ ಅಲ್ಲ.

ಮೊದಲ ಚಿತ್ರದ ದಾರಿ ಶುರುವಾಗುವುದೇ
ಆಕೆಯ ಸಿ ಡ್ರೈವಿನಿಂದ, ಆಕೆಯ ಹೆಸರಿನ ಫೋಲ್ಡರಿನೊಳಗಿಂದ;
ಪರಊರಿನವರು ದಾರಿ ಕೇಳಿದರೆ
"ನನ್ನ ಹಾಸಿಗೆಯಿಂದ ಎಡಕ್ಕೆ" ಎಂದ ಹಾಗೆ.
ಹೇಳಿದೆ. ನಕ್ಕಳು. ಐದೂ ದಾರಿಗಳನ್ನು ತಾನೇ ಅಳಿಸಿದಳು,
ಚಿತ್ರಗಳನ್ನು ಪುಟದ ಪಕ್ಕಕ್ಕೇ ತಂದಿಟ್ಟಳು.
ಒಂದು ಬಂತು:
ನೀಲಿ ಡಬ್ಬಿ, ಕಿಟಕಿಯ ಚೌಕಟ್ಟಿಗೆ ತುಕ್ಕು,
ಕೆಳಗೆ ಕ್ವಿರಿಲಾ, ಗಣಿಯ ಮಸಿ ತೊಳೆದು ತೊಳೆದು ಕಪ್ಪಾದ ನದಿ.

"ಮೇಲಿನ ನಿಲ್ದಾಣ ಸರಿ, ಕೆಳಗಿನದೂ ಸರಿ,
ಡಬ್ಬಿ ಮಾತ್ರ ಬರಲಿಲ್ಲ ಅಂದರೆ ನಡುವಿನ ಹಗ್ಗ ನೋಡಬೇಕು," ಎಂದಳು.
ನಾನು ಆರು ವಾರದಲ್ಲಿ ಕಲಿಸಬೇಕೆಂದಿದ್ದುದು ಅಷ್ಟೇ.

ಎರಡನೆಯದರಲ್ಲಿ ಉದ್ಧರಣ ಚಿಹ್ನೆ ತೆರೆದದ್ದು ಮುಚ್ಚಿರಲಿಲ್ಲ.
ಚಿಲಕ ಹಾಕದೆ ಹೊರಟ ಬಾಗಿಲು,
ಮೂರನೆಯದನ್ನೂ ನುಂಗಿಕೊಂಡು ಕೂತಿತ್ತು.
ಮುಚ್ಚಿದಳು; ಪರದೆಗೆ ಬೆರಳೊತ್ತಿ
ಚಿಲಕ ಬಿದ್ದಿದೆಯೇ ಎಂದು ಎಳೆದು ನೋಡಿದಳು, ಹಳೇ ಅಭ್ಯಾಸ.
ಎರಡೂ ಬಂದವು.

ನಾಲ್ಕನೆಯದು ಹಟ ಹಿಡಿಯಿತು.
ಹೆಸರು ಸರಿ, ದಾರಿ ಸರಿ, ಚುಕ್ಕೆ ಸರಿ.
ಮುಕ್ಕಾಲು ಗಂಟೆ. ಎತೆರಿ ಬೀಗದ ಕೈ ಗೊಂಚಲು ಕುಲುಕಿಸಿ
ನಮ್ಮನ್ನೇ ದಾಟಿ ಹೋದಳು, ಎರಡು ಸಲ.
ಆಮೇಲೆ ಕಂಡಿತು: ಕ್ಯಾಮೆರಾ ಇಟ್ಟ ಹೆಸರಿನ ಬಾಲ ದೊಡ್ಡಕ್ಷರ,
ಈಕೆ ಬರೆದದ್ದು ಚಿಕ್ಕಕ್ಷರ.
"ಅದೇ ಜೆ ಅಲ್ಲವೇನೋ?"
ಅದೇ ಜೆ. ಸರ್ವರಿಗೆ ಮಾತ್ರ ಬೇರೆ.
ನಮ್ಮ ಮೂವತ್ತಮೂರು ಅಕ್ಷರಗಳಲ್ಲಿ ದೊಡ್ಡದಿಲ್ಲ, ಚಿಕ್ಕದಿಲ್ಲ;
ರಾಣಿಯ ಹೆಸರೂ ರೊಟ್ಟಿಯ ಹೆಸರೂ ಒಂದೇ ಎತ್ತರದಲ್ಲಿ ಶುರು.
(ದೂರದ ಗುಂಡಕ್ಷರದವರೇ, ನಿಮ್ಮಲ್ಲೂ ಹಾಗೇ ಅಂತೆ.)
ಅಕ್ಷರಕ್ಕೂ ಅಂತಸ್ತುಂಟೆಂದು
ಅರವತ್ತೆಂಟರ ಹೆಂಗಸಿಗೆ ಹೇಗೆ ಹೇಳಲಿ ಎಂದು ನಾನು ತಡವರಿಸುವಾಗ
"ಎಂಜಿನಿಯರು ಹತ್ತಿದರೆ ಗಂಟೆ ಬೇರೆ ಥರ ಹೊಡೆಯುತ್ತಿದ್ದೆವು," ಎಂದಳು.
"ಗೊತ್ತಾಯಿತು. ಮುಂದೆ?"

ಐದನೆಯದು.
ದಾರಿ ಚೊಕ್ಕ, ಚಿಲಕ ಭದ್ರ, ಬಾಲ ಚಿಕ್ಕದೇ.
ಗುಲಿಕೋ ಎಂದಿತ್ತು ಹೆಸರು. ಫೋಲ್ಡರಿನಲ್ಲಿ ಅಂಥದೊಂದು ಇಲ್ಲ.
ಪೆನ್‌ಡ್ರೈವ್ ಜಾಲಾಡಿದೆ, ಕಸದ ಬುಟ್ಟಿ ಕೆದಕಿದೆ, ಫೋನು ಕೊಡಿ ಎಂದೆ.
ಆಕೆ ಕೈಚೀಲದ ಜಿಪ್ಪು ಎಳೆದಳು, ಮತ್ತೆ ಹಾಕಿದಳು.

"ಇಲ್ಲ ಮಗು. ಯಾರೂ ತೆಗೆದಿರಲಿಲ್ಲ.
ಎದುರು ಡಬ್ಬಿ ಅವಳದು. ನಾನು ಏರಿದರೆ ಅವಳು ಇಳಿಯಬೇಕು,
ಒಂದೇ ಹಗ್ಗವಲ್ಲವೇ.
ನಡುಗಣಿವೆಯಲ್ಲಿ ಮೂರು ಸೆಕೆಂಡು ಎದುರಾಗುತ್ತಿದ್ದೆವು,
ದಿನಕ್ಕೆ ನಲವತ್ತು ಸಲ.
ಕಿಟಕಿಯಿಂದ ಸೂರ್ಯಕಾಂತಿ ಬೀಜ ಎಸೆಯುವಳು,
ಒಂದು ದಿನವೂ ನನ್ನ ಕೈಗೆ ಸಿಗಲಿಲ್ಲ.
ಹೆಸರು ಬರೆದಿಟ್ಟರೆ
ಎಲ್ಲಿಂದಲಾದರೂ ಬಂದೀತು ಅಂದುಕೊಂಡೆ."

ಚಿತ್ರ ಬಾರದಿದ್ದಾಗ ತೋರಲೆಂದು
ನಾಲ್ಕು ಮಾತು ಬರೆಯುವ ಜಾಗ ಒಂದುಂಟು,
ಕಣ್ಣಿಲ್ಲದವರಿಗೆ ಯಂತ್ರ ಅದನ್ನೇ ಓದಿ ಹೇಳುತ್ತದೆ ಎಂದೆ.
ತೋರಿಸಿದೆ. ಎದ್ದು ಹೀಟರಿನ ಬಳಿ ಹೋಗಿ ನಿಂತೆ.
ಎತೆರಿ ಒಂದೊಂದೇ ಸಾಲಿನ ದೀಪ ಆರಿಸುತ್ತ ಬಂದಳು,
ತ್ಸಿಯುರಿ ಒಂದೊಂದೇ ಕೀಲಿ ಹುಡುಕಿ ಒತ್ತುತ್ತಿದ್ದಳು.

ಈಗ ಆ ಪುಟ ತೆರೆದರೆ ನಾಲ್ಕು ಡಬ್ಬಿ ತುಂಬಿ ಬರುತ್ತವೆ.
ಐದನೆಯದು ಬಿಳಿ ಚೌಕ, ಹರಿದ ಗುರುತು, ಪಕ್ಕದಲ್ಲಿ:
*ಗುಲಿಕೋ. ಎಡಗೈ ಗಂಟೆಯ ದಾರದ ಮೇಲೆ.
ನನಗೇನೋ ಕೂಗುತ್ತಿದ್ದಾಳೆ. ಗಾಳಿ, ಕೇಳಿಸುತ್ತಿಲ್ಲ.*

ಒಮ್ಮೊಮ್ಮೆ ಯಾರೋ ನನಗೆ ಬರೆಯುತ್ತಾರೆ,
ನಿಮ್ಮ ಪುಟದಲ್ಲೊಂದು ಚಿತ್ರ ಕೆಟ್ಟಿದೆ, ಗಮನಿಸಿ ಎಂದು.
ಆಯಿತು, ನೋಡುತ್ತೇನೆ ಎಂದು ಉತ್ತರಿಸುತ್ತೇನೆ.
ನೋಡುತ್ತೇನೆ ಕೂಡ.